ನೋಲೀನಳ ನಿದ್ದೆಗೊಂದು ಕಿಂಡಿ

ನಮ್ಮೂರಿನಲ್ಲಿ ಯಾರಾದರೂ ಮಲಗುವ ಕೋಣೆ ದೊಡ್ಡದು ಮಾಡುತ್ತಿದ್ದೇನೆ ಎಂದರೆ ಕೇಳಿದವರು ನಗುತ್ತಾರೆ. ಮರುಭೂಮಿಯ ನಡುವಿನ ಈ ಕೂಬರ್ ಪೀಡಿಯ ನೆಲದಲ್ಲಿ ಓಪಲ್ ಎಂಬ ಬೆಲೆಬಾಳುವ ಕಲ್ಲಿದೆ. ಊರೊಳಗೆ ಗಣಿ ತೋಡುವಂತಿಲ್ಲ, ಆದರೆ ಮನೆ ತೋಡಬಹುದು. ಗುಡ್ಡದ ಹೊಟ್ಟೆ ಕೊರೆದು ಗವಿಮನೆ ಮಾಡಿಕೊಂಡವರು ನಾವು. ಕೋಣೆ ಬೇಕೆಂದರೆ ಇಟ್ಟಿಗೆ ತರುವುದಿಲ್ಲ, ಹಾರೆ ತರುತ್ತೇವೆ. ಹಾಗಾಗಿ ಕಾನೂನಿಗೆ ಹೆದರುವ ಸಜ್ಜನರೆಲ್ಲ ವರ್ಷಕ್ಕೊಂದು ಕೋಣೆ ಸೇರಿಸುತ್ತಾರೆ. ಮಕ್ಕಳಿಲ್ಲದವರ ಮನೆಯಲ್ಲಿ ಮಕ್ಕಳ ಕೋಣೆ ಇರುತ್ತದೆ, ಸಹಿ ಹಾಕಲು ಒದ್ದಾಡುವವನ ಮನೆಯಲ್ಲಿ ಪುಸ್ತಕದ ಕೋಣೆ ಇರುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ನನ್ನ ನೆರೆಯ ಸ್ಟೀಪೆಗೆ, ಒಂಟಿ ಗಂಡಸಿಗೆ, ಒಂಬತ್ತು ಕೋಣೆಗಳಿದ್ದವು. ಇಪ್ಪತ್ತರ ಹರೆಯದಲ್ಲಿ ಕ್ರೊಯೇಷಿಯಾದಿಂದ ಬಂದವನು, ಈಗ ಅರವತ್ತು ದಾಟಿದ್ದಾನೆ. ಅಷ್ಟು ಕೋಣೆ ತೋಡಿದರೂ ಒಂದರಲ್ಲೂ ಹೇಳಿಕೊಳ್ಳುವಂಥ ಕಲ್ಲು ಸಿಗಲಿಲ್ಲ. ಅವನಿಗೆ ಸಿಕ್ಕಿದ್ದು ನಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಚಿಂತೆಯೂ ಇರಲಿಲ್ಲ, ಹತ್ತಿರದಲ್ಲಿ ಸಂತೆಯೂ ಇರಲಿಲ್ಲ. ಹೊರಗೆ ರಸ್ತೆಯ ಟಾರು ಕರಗುವ ಜನವರಿಯ ಕಡುಬೇಸಿಗೆಯಲ್ಲೂ ಗುಡ್ಡದೊಳಗೆ ಹದವಾದ ತಂಪು. ದೀಪ ಆರಿಸಿದರೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ಬೆಳಿಗ್ಗೆ ನನ್ನ ಬೇಕರಿಗೆ ಬಂದು, ರಾತ್ರಿ ಎಂಥ ನಿದ್ದೆ ಬಂತೆಂಬುದನ್ನು, ಬೇರೆಯವರು ತಾವು ಹಿಡಿದ ಮೀನಿನ ಗಾತ್ರ ತೋರಿಸುವಂತೆ ಕೈ ಅಗಲಿಸಿ ಹೇಳುತ್ತಿದ್ದ.

ಬೇಕರಿ ನನ್ನದು. ನನ್ನ ಹೆಸರು ದೆಸ್ಪಿನಾ, ಹುಟ್ಟಿದ್ದು ಗ್ರೀಸಿನಲ್ಲಿ, ಬಾಯಿ ಮಾಡುವುದನ್ನು ಕಲಿತದ್ದು ಇಲ್ಲಿ. ಅಂಗಡಿಯ ಮುಂಭಾಗ ರಸ್ತೆಗಿದೆ. ಹಿಂದೆ, ಸ್ಟೀಪೆಯ ಮನೆಯಿರುವ ಅದೇ ಗುಡ್ಡದೊಳಗೆ, ನಾದಿದ ಹಿಟ್ಟನ್ನು ಉಬ್ಬಲು ಇಡುವ ಕೋಣೆ. ಈ ಊರಿನ ಗಾಳಿ ಎಷ್ಟು ಒಣ ಎಂದರೆ ಹಿಟ್ಟನ್ನು ಹಾಗೇ ಬಿಟ್ಟರೆ ಅದರ ಮೈ ಗಳಿಗೆಯಲ್ಲಿ ಹಪ್ಪಳವಾಗುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಸಣ್ಣ ಉರಿಯ ಮೇಲೆ ಯಾವಾಗಲೂ ನೀರಿನ ಪಾತ್ರೆ ಇಟ್ಟಿರುತ್ತೇನೆ. ಒಳಗೆ ಬಾಣಂತಿಯ ಕೋಣೆಯ ಹಾಗೆ ಬೆಚ್ಚಗಿನ ಆವಿ. ಇಡೀ ಊರಿನಲ್ಲಿ ನನ್ನ ಚರ್ಮ ಮಾತ್ರ ಬಿರಿಯದೆ ಇರುವುದು ಅದರಿಂದಲೇ, ದೇವರ ದಯೆಯಿಂದಲ್ಲ.

ಈ ಸ್ಟೀಪೆ ಎರಡು ವರ್ಷದ ಹಿಂದೆ ಗೆಳೆಯನ ಮಗಳ ಮದುವೆಗೆಂದು ಉತ್ತರದ ಟಲ್ಲಿ ಎಂಬ ಊರಿಗೆ ಹೋದ. ಅಲ್ಲಿ ಮಳೆ ಬಿಟ್ಟ ದಿನ ಜನ ಒಬ್ಬರನ್ನೊಬ್ಬರು ಏನಾಯಿತೆಂದು ಕೇಳುತ್ತಾರಂತೆ. ಒಗೆದ ಬಟ್ಟೆ ಒಣಗುವುದಿಲ್ಲ, ಬೂಟಿನೊಳಗೆ ಬೂಷ್ಟು. ನಮ್ಮ ನಿದ್ದೆವೀರನಿಗೆ ಅಲ್ಲಿ ಒಂದು ರಾತ್ರಿಯೂ ಕಣ್ಣು ಮುಚ್ಚಲಾಗಲಿಲ್ಲ. ಹಾಸಿಗೆ ಒದ್ದೆ, ದಿಂಬು ಒದ್ದೆ, ಬೀಸುವ ಫ್ಯಾನಿನ ಗಾಳಿಯೂ ಒದ್ದೆ. ಎದ್ದು ಹೋಗಿ ಹೋಟೆಲಿನ ಜಗಲಿಯಲ್ಲಿ ಕೂರುತ್ತಿದ್ದ. ಆ ಹೋಟೆಲಿನ ಅಡುಗೆಯವಳು ನೋಲೀನ್. ಅವಳದ್ದು ಐವತ್ತೈದರ ಆಸುಪಾಸು, ಗಂಡ ಸತ್ತು ಬಹಳ ಕಾಲವಾಗಿತ್ತು. ಈ ಮನುಷ್ಯ ರಾತ್ರಿಯೆಲ್ಲ ಬೆವರೊರೆಸಿಕೊಳ್ಳುತ್ತ ತನ್ನ ಗವಿಮನೆಯ ತಂಪನ್ನು ಬಣ್ಣಿಸುವುದನ್ನು ಕೇಳಿ ಅವಳಿಗೆ ಏನನ್ನಿಸಿತೋ, ಮರುವರ್ಷ ಮದುವೆಯಾಗಿ ಇಲ್ಲಿಗೆ ಬಂದಳು.

ಬಂದವಳಿಗೆ ಇಲ್ಲಿ ನಿದ್ದೆ ಬರಲಿಲ್ಲ.

ಮೊದಲ ವಾರ ಹೊಸ ಜಾಗ ಎಂದುಕೊಂಡಳು. ಎರಡನೆಯ ತಿಂಗಳು ಅವಳ ತುಟಿ ಒಡೆಯಿತು, ಮೂಗಿನಲ್ಲಿ ರಕ್ತ ಒಸರಿತು. ಕಣ್ಣು ಹತ್ತಿತು ಎನ್ನುವಾಗ ಗಂಟಲು ಒಣಗಿ ಎದ್ದು ಕೂರುತ್ತಿದ್ದಳು. ಪಕ್ಕದಲ್ಲಿ ಸ್ಟೀಪೆಯ ಗೊರಕೆ. ನಿದ್ದೆಯಿಲ್ಲದವಳ ಪಕ್ಕದಲ್ಲಿ ನಿದ್ದೆ ಮಾಡುವುದು, ಹಸಿದವಳ ಎದುರು ಕೂತು ಊಟ ಮಾಡಿದ ಹಾಗೆ. ಒಂದು ಬೆಳಿಗ್ಗೆ ಬೇಕರಿಗೆ ಬಂದವಳು ನನ್ನ ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತು ಮೂಗೆತ್ತಿ ಉಸಿರೆಳೆದುಕೊಂಡಳು.

"ದೆಸ್ಪಿನಾ, ಇಲ್ಲೇ ಒಂದು ಮೂಲೇಲಿ ಚಾಪೆ ಹಾಕ್ಕೊಂಡು ಬಿದ್ಕೊಳ್ಳಾ?" ಎಂದಳು.

"ಬಿದ್ಕೋ. ಬೆಳಗಾಗೋದ್ರೊಳಗೆ ನೀನೂ ಉಬ್ಬಿರ್ತೀಯ," ಎಂದೆ.

ನಕ್ಕಳು, ಆದರೆ ಕಣ್ಣು ಕೆಂಪಗಿತ್ತು. ನಾನು ಕೊಟ್ಟ ಕಾಫಿ ಕುಡಿಯುತ್ತ, "ಈಸ್ಟರ್ ತನಕ ನೋಡ್ತೀನಿ ಕಣೆ. ಆಮೇಲೆ ಬಸ್ಸು ಹತ್ತೀನಿ. ಅವನು ಒಳ್ಳೆಯವನು. ಆದ್ರೆ ನಿದ್ದೆ ಇಲ್ದೆ ಇದ್ರೆ ಒಳ್ಳೆಯವನ ಮುಖಾನೂ ಕಚ್ಚೋ ಹಂಗಾಗುತ್ತೆ," ಎಂದಳು. ಅವಳ ಹಿಂದೆ ಸ್ಟೀಪೆ ಹೋಗುವಂತೆಯೂ ಇರಲಿಲ್ಲ. ಟಲ್ಲಿಯಲ್ಲಿ ಅವನಿಗೆ ನಿದ್ದೆಯಿಲ್ಲ, ಇಲ್ಲಿ ಇವಳಿಗಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಈ ಇಬ್ಬರಿಗೆ ಒಂದೇ ಹಾಸಿಗೆ ಹಾಕಲು ಜಾಗವಿಲ್ಲವೇ ಎಂದು ನನಗೂ ಸಂಕಟವಾಯಿತು.

ಸ್ಟೀಪೆ ಕೈ ಕಟ್ಟಿ ಕೂರಲಿಲ್ಲ. ದವಾಖಾನೆಯ ನರ್ಸು, ಕೋಣೆ ತಂಪಾಗಿದ್ದರೆ ಸಾಲದು, ಗಾಳಿಯಲ್ಲಿ ಒಂದಿಷ್ಟು ತೇವವೂ ಇರಬೇಕು ಎಂದಳಂತೆ. ಹಾಸಿಗೆಯ ಸುತ್ತ ಒದ್ದೆ ಟವೆಲು ನೇತುಹಾಕಿದ. ಅವು ಬೇಗನೆ ಒಣಗಿ ಸೆಟೆದುಕೊಂಡವು. ಅಂಚೆಯಲ್ಲಿ ಒಂದು ಆವಿ ಯಂತ್ರ ತರಿಸಿದ. ಅದು ಲಾರಿಯ ಹಾಗೆ ಗುರುಗುಟ್ಟಿತು. ಕೊನೆಗೆ ಬಾಗಿಲು ಮುಚ್ಚಿ, ಮಲಗುವ ಕೋಣೆಯಲ್ಲೇ ಹಂಡೆಗಟ್ಟಲೆ ನೀರು ಕುದಿಸಿದ. ನಮ್ಮ ಗವಿಗಳ ಗೋಡೆಗೆ, ಮಣ್ಣು ಉದುರದಿರಲಿ ಎಂದು ಅಂಟಿನಂಥ ಒಂದು ಲೇಪ ಬಳಿದಿರುತ್ತೇವೆ. ಆವಿಗೆ ಅದು ಸುಲಿದುಕೊಂಡು, ಚಾವಣಿಯ ಒಂದು ಹೆಂಟೆ ಬಂದು ಅವನ ದಿಂಬಿನ ಮೇಲೆ ಬಿತ್ತು. ಪುಣ್ಯಕ್ಕೆ ತಲೆ ಅಲ್ಲಿರಲಿಲ್ಲ. ಬೆವರು ತಾಳದೆ ಅವನು ಅಡುಗೆಮನೆಯಲ್ಲಿ ಮಲಗಿದ್ದ.

ನೋಲೀನ್ ಗೋಡೆಗೆ ಒಂದು ಪುಟ್ಟ ಮುಳ್ಳಿನ ಯಂತ್ರ ನೇತುಹಾಕಿದ್ದಳು, ಗಡಿಯಾರದಂಥದ್ದು. ಗಾಳಿ ಒಣಗಿದ್ದರೆ ಮುಳ್ಳು ಕೆಂಪಿನಲ್ಲಿ, ತೀರ ಒದ್ದೆಯಾದರೆ ನೀಲಿಯಲ್ಲಿ, ಹದವಾಗಿದ್ದರೆ ನಡುವಿನ ಹಸಿರಿನಲ್ಲಿ. ಹಂಡೆಯ ದಿನ ಅದು ನೀಲಿಗೆ ಹೋಗಿತ್ತು. ಉಳಿದ ದಿನವೆಲ್ಲ ಕೆಂಪು ಬಿಟ್ಟು ಅಲ್ಲಾಡಲಿಲ್ಲ.

ಆಗ ಸ್ಟೀಪೆಗೆ ಒಂದು ಯೋಚನೆ ಬಂತು. ಈಗಿನ ಕೋಣೆಗೆ ಮೇಲಿನಿಂದ ಗಾಳಿಕೊಳವೆ ಇಳಿದಿದೆ, ಮರುಭೂಮಿಯ ಒಣಗಾಳಿಯೆಲ್ಲ ನೇರ ಅವಳ ಮೂಗಿಗೇ ಬೀಳುತ್ತದೆ. ಇನ್ನೂ ಒಳಗೆ, ಕೊಳವೆಯಿಂದ ದೂರ, ಹೊಸ ಕೋಣೆ ತೋಡಿದರೆ? ಇದನ್ನು ಅವನು ಹೆಂಡತಿಗೆ ಹೇಳಿದ್ದು ನನ್ನ ಬೇಕರಿಯಲ್ಲೇ, ಬ್ರೆಡ್ಡಿಗೆ ನಿಂತವರ ನಡುವೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರಾಡೆ, ಸೆರ್ಬಿಯಾದ ಮುದುಕ. ಎದುರಿನ ದಿಬ್ಬದಲ್ಲಿ ಅವನ ಗವಿ. ಮನೆಗಿಂತ ನನ್ನ ಕಟ್ಟೆಯ ಮೇಲೇ ಹೆಚ್ಚು ಇರುತ್ತಾನೆ.

"ಹತ್ತನೇ ಕೋಣೆ. ನಿದ್ದೆಗೆ," ಎಂದ ರಾಡೆ. "ನಾನೂ ಕಕ್ಕಸು ದೊಡ್ಡದು ಮಾಡ್ತಿದೀನಪ್ಪ, ಮಲಬದ್ಧತೆಗೆ."

ನೋಲೀನ್ ನಗಲಿಲ್ಲ. ಮದುವೆಯ ಹೊತ್ತಿನಲ್ಲೇ ಅವಳು ಅವನಿಂದ ಆಣೆ ಹಾಕಿಸಿಕೊಂಡಿದ್ದಳು, ಇನ್ನು ಮನೆಯೊಳಗೆ ಹಾರೆ ಎತ್ತುವುದಿಲ್ಲ ಎಂದು. ಅವಳಪ್ಪ ಕುದುರೆ ಜೂಜಿನಲ್ಲಿ ಮನೆ ಕಳೆದವನು. ಇನ್ನೊಂದು ಏಟಿಗೆ ಸಿಕ್ಕೀತು, ಇನ್ನೊಂದು ಏಟಿಗೆ ಸಿಕ್ಕೀತು ಎನ್ನುವ ಗಂಡಸರ ಕಣ್ಣು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ತೋಡು," ಎಂದಳು. "ಆದ್ರೆ ಕೇಳ್ಕೋ ಸ್ಟೀಪೆ. ನನ್ನ ನಿದ್ದೆ ಹೆಸರು ಹೇಳಿ ಕಲ್ಲಿಗೆ ಅಂತ ಒಂದೇ ಒಂದು ಏಟು ಹಾಕಿದ್ರೂ ಈಸ್ಟರ್ ತನಕ ಕಾಯಲ್ಲ. ಅವತ್ತೇ ಬಸ್ಸು."

"ಇಲ್ಲ ಕಣೆ. ನನ್ನಮ್ಮನ ಆಣೆ," ಎಂದ ಸ್ಟೀಪೆ. ಅವನು ನಿಜವನ್ನೇ ಹೇಳುತ್ತಿದ್ದ. ನಲವತ್ತು ವರ್ಷದಲ್ಲಿ ಮೊದಲ ಸಲ ಈ ಊರಿನಲ್ಲಿ ಒಬ್ಬ ಮನುಷ್ಯ ನಿಜವಾಗಿಯೂ ಮಲಗಲೆಂದೇ ಮಲಗುವ ಕೋಣೆ ತೋಡಲು ಹೊರಟಿದ್ದ, ಒಬ್ಬರೂ ನಂಬಲಿಲ್ಲ.

ಕೋಣೆ ಚೆನ್ನಾಗಿಯೇ ಆಯಿತು. ಮಣ್ಣನ್ನು ತಳ್ಳುಗಾಡಿಯಲ್ಲಿ ಹೊರಗೆ ಸುರಿಯುವಾಗೆಲ್ಲ ರಾಡೆ ಹೋಗಿ ಆ ರಾಶಿಯನ್ನು ಕಾಲಿನಿಂದ ಕೆದಕಿ ನೋಡಿ ಬರುತ್ತಿದ್ದ. ಏನೂ ಇರಲಿಲ್ಲ. ಸ್ಟೀಪೆ ಮೂಲೆಗಳನ್ನು ಗುಂಡಗೆ ಮಾಡಿದ, ಗೋಡೆ ಉಜ್ಜಿ ನಯ ಮಾಡಿದ. ಲೇಪ ಬಳಿದು ಮಂಚ ಹಾಕುವುದೊಂದೇ ಬಾಕಿ.

ಅಂಥ ಒಂದು ಮಧ್ಯಾಹ್ನ ನಾನು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದೆ. ಮೈದಾ ಚೀಲಗಳ ಮೇಲ್ಗಡೆ ಗೋಡೆ ಕೆಮ್ಮಿದಂತಾಯಿತು. ಪುಡಿ ಉದುರಿತು. ಸುತ್ತಿಗೆಯ ಮೂತಿ ಬಂತು, ಹಿಂದಕ್ಕೆ ಹೋಯಿತು. ಊಟದ ತಟ್ಟೆಯಷ್ಟು ಅಗಲದ ತೂತಿನಲ್ಲಿ ಒಂದು ಕಣ್ಣು ಕಾಣಿಸಿತು.

"ದೆಸ್ಪಿನಾ?" ಎಂದಿತು ಕಣ್ಣು.

"ಅಲ್ಲ, ಮೇರಿ ಮಾತೆ. ನನ್ನ ಗೋಡೆಗೆ ಏನೋ ಮಾಡ್ತಿದೀಯ?"

"ಇದು ನಿನ್ನ ಗೋಡೆನಾ?"

"ಈಗ ಎರಡೂ ಕಡೆಯಿಂದ ನೋಡಿದೀಯಲ್ಲ, ನೀನೇ ಹೇಳು."

"ಕಲ್ಲಿಗೆ ಅಲ್ಲ ದೆಸ್ಪಿನಾ, ದೇವರಾಣೆ ಕಲ್ಲಿಗೆ ಅಲ್ಲ," ಎಂದ. ನಾನು ಕಲ್ಲಿನ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಆಮೇಲೆ ಸುತ್ತು ಬಳಸಿ ಬೇಕರಿಗೆ ಬಂದು, ಮೈಯೆಲ್ಲ ಧೂಳಾಗಿ ನನ್ನ ಮುಂದೆ ನಿಂತ. ಗೋಡೆ ಉಜ್ಜುವಾಗ ಒಂದು ಗೆರೆ ಕಂಡಿತಂತೆ. ಕೂದಲೆಳೆಯಷ್ಟು, ನೀಲಿ ಹೊಳೆದ ಹಾಗೆ. ನೋಲೀನ್ ಸಾಮಾನು ತರಲು ಹೋಗಿದ್ದಳು. ಒಂದೇ ಏಟು ಎಂದುಕೊಂಡನಂತೆ. ಗೆರೆ ಒಳಗೆ ಹೋಯಿತು, ಇವನೂ ಹೋದ. ಕೈ ಬಿಚ್ಚಿ ತೋರಿಸಿದ. ಬಣ್ಣವೇ ಇಲ್ಲದ ಬೂದು ಚೂರು. ನಾವು ಪಾಚ್ ಎನ್ನುವಂಥದ್ದು, ಅಂಗಳದಲ್ಲಿ ಬಿದ್ದಿದ್ದರೆ ಕೋಳಿಯೂ ಕುಕ್ಕುವುದಿಲ್ಲ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಕ್ಕಿತ್ತು.

"ಅವಳಿಗೆ ಹೇಳ್ಬೇಡ," ಎಂದ. "ನಾಳೆನೇ ಸಿಮೆಂಟು ಹಾಕಿ ಮುಚ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

"ಬೀಳಬೇಡ, ಮೇಲೆ ಎತ್ತೋರು ಯಾರು? ನಾಳೆ ಅಂದ್ರೆ ನಾಳೆ."

ಮನೆಗೆ ಹೋದವನು ತೂತಿನ ಮೇಲೆ ನೋಲೀನ್ ತವರಿನಿಂದ ತಂದಿದ್ದ ಚಿತ್ರಪಟವನ್ನು ತೂಗುಹಾಕಿದ, ಮಳೆಯಲ್ಲಿ ತುಂಬಿ ಹರಿಯುವ ಟಲ್ಲಿಯ ಹೊಳೆಯದ್ದು. ಸಂಜೆ ಬಂದವಳು ಅದನ್ನು ನೋಡಿ ಗಂಡ ತನ್ನೂರನ್ನು ತನ್ನ ತಲೆದೆಸೆಯಲ್ಲಿ ಇಟ್ಟಿದ್ದಾನೆಂದು ಕರಗಿಹೋದಳು. ಗಂಡಸರ ಅದೃಷ್ಟ ಕೆಲವು ಸಲ ಹೀಗೂ ಇರುತ್ತದೆ. ಅದೇ ಸಂಜೆ ಲೇಪಕ್ಕೂ ಕಾಯದೆ ಮಂಚ ಒಳಗೆ ಎಳೆಸಿ, ಮುಳ್ಳಿನ ಯಂತ್ರವನ್ನೂ ಅಲ್ಲಿಯ ಗೋಡೆಗೆ ನೇತುಹಾಕಿ, ಅಲ್ಲೇ ಮಲಗಿದಳು.

ಮಲಗಿದವಳು ಮರುದಿನ ಹತ್ತು ಗಂಟೆಯಾದರೂ ಏಳಲಿಲ್ಲ. ಸತ್ತೇಹೋದಳೇನೋ ಎಂದು ಸ್ಟೀಪೆ ಮೂಗಿನ ಹತ್ತಿರ ಬೆರಳಿಟ್ಟು ನೋಡಿದನಂತೆ. ಗೋಡೆಯ ಮುಳ್ಳು ಹಸಿರಿನ ನಟ್ಟನಡುವೆ ನಿಂತಿತ್ತು. ನನ್ನ ಕೋಣೆಯ ಆವಿ ಚಿತ್ರಪಟದ ಹಿಂದಿನಿಂದ ನುಸುಳಿ, ಗುಡ್ಡದ ತಂಪಿನಲ್ಲಿ ಬೆರೆತು, ಅವಳಿಗೆ ಬೇಕಾದಷ್ಟೇ ತೇವವಾಗಿ ದಿಂಬಿನ ಮೇಲೆ ಇಳಿದಿತ್ತು. ಸ್ಟೀಪೆ ಕಲಸಿಟ್ಟಿದ್ದ ಸಿಮೆಂಟು ಬಕೆಟ್ಟಿನಲ್ಲೇ ಕಲ್ಲಾಯಿತು. ನಾನೂ ಅವಳ ಮುಖ ನೋಡಿ ಒತ್ತಾಯಿಸಲಿಲ್ಲ.

ಕೆಲವೇ ದಿನದಲ್ಲಿ ನೋಲೀನಳ ತುಟಿ ಕೂಡಿಕೊಂಡಿತು, ಕೆನ್ನೆಗೆ ಬಣ್ಣ ಬಂತು. ರಸ್ತೆಯಲ್ಲಿ ಹಾಡಿಕೊಂಡು ನಡೆಯುತ್ತಿದ್ದಳು. ನಮ್ಮೂರಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದ ಮುಖಕ್ಕೂ ಕಲ್ಲು ಸಿಕ್ಕಿದ ಮುಖಕ್ಕೂ ಜನ ವ್ಯತ್ಯಾಸ ಮಾಡುವುದಿಲ್ಲ.

"ಸಿಕ್ಕಿದೆ," ಎಂದ ರಾಡೆ, ಬ್ರೆಡ್ಡು ಎಣಿಸಿಕೊಳ್ಳುತ್ತ. "ಇಲ್ದಿದ್ರೆ ಹೆಂಗಸು ಹಂಗೆ ಹಾಡ್ತಾಳಾ?"

"ನಿನ್ನ ಹೆಂಡತಿ ಯಾವತ್ತೂ ಹಾಡಲಿಲ್ಲ ಅಂದ್ರೆ ಕಲ್ಲು ಸಿಗದೆ ಇದ್ದಿದ್ದಕ್ಕಲ್ಲ," ಎಂದೆ.

ಆದರೂ ಆ ವಾರ ಸ್ಟೀಪೆಯ ಗುಡ್ಡದ ಸುತ್ತ ಮೂರು ಮನೆಗಳಲ್ಲಿ ಮಲಗುವ ಕೋಣೆಗಳ ವಿಸ್ತರಣೆ ಶುರುವಾಯಿತು. ಸ್ಟೀಪೆಯೋ, ಊರಿಗೆಲ್ಲ ನಿದ್ದೆಯ ಪಂಡಿತನಾಗಿಬಿಟ್ಟ. ಒಳಗಿನ ಬಂಡೆಗೆ ತನ್ನದೇ ತೇವ ಇರುತ್ತದೆ, ಅದನ್ನು ಪತ್ತೆ ಮಾಡಲು ಅನುಭವ ಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನೋಲೀನ್ ಅದನ್ನು ನಂಬಿ, ಹೆಮ್ಮೆಯಿಂದ ಅವನ ತೋಳು ಹಿಡಿದುಕೊಳ್ಳುತ್ತಿದ್ದಳು. ಅವನು ನನ್ನ ಕಡೆ ನೋಡದೆ ಚಾವಣಿ ನೋಡುತ್ತಿದ್ದ.

ಇಷ್ಟಾಗುವಾಗ ನನ್ನ ಹಿಟ್ಟು ಉಬ್ಬುವುದನ್ನು ಬಿಟ್ಟಿತು.

ಮೊದಲು ಯೀಸ್ಟ್ ಹಳತಾಯಿತೆಂದು ಬೈದೆ. ಹೊಸದು ತಂದೆ. ಆಮೇಲೆ ಮೈದಾವನ್ನು ಬೈದೆ. ನಾನು ಎಷ್ಟು ನೀರು ಕುದಿಸಿದರೂ ಹಿಟ್ಟಿನ ಮೈ ಬಿರಿಯುತ್ತಿತ್ತು. ನನ್ನ ಆವಿಯೆಲ್ಲ ಪಕ್ಕದ ಮನೆಗೆ ಸಂಸಾರ ಮಾಡಲು ಹೋಗುತ್ತಿತ್ತು. ಬ್ರೆಡ್ಡು ಒಲೆಗೆ ಹೋದ ಹಾಗೇ ಹೊರಬಂತು, ಚಪ್ಪಟೆಯಾಗಿ. ರಾಡೆ ಒಂದನ್ನು ಮೇಜಿಗೆ ಕುಟ್ಟಿ, "ಇದನ್ನ ಹೆಂಗೆ ತೋಡೋದು ದೆಸ್ಪಿನಾ, ಸುತ್ತಿಗೆಯಿಂದ್ಲಾ, ಸಿಡಿಮದ್ದು ಇಟ್ಟಾ?" ಎಂದ. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ನನ್ನ ಬ್ರೆಡ್ಡಿಗೆ ಹಾಗೆ ಅಂದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

ನೇರ ಸ್ಟೀಪೆಯ ಮನೆಗೆ ಹೋದೆ. ನೋಲೀನ್ ಮಧ್ಯಾಹ್ನದ ನಿದ್ದೆಯಲ್ಲಿದ್ದಳು, ಒಳಗಿನಿಂದ ಮೆಲ್ಲನೆಯ ಗೊರಕೆ.

"ಇವತ್ತು ಮುಚ್ಚು," ಎಂದೆ.

"ಕೇಳು ಅದನ್ನ," ಎಂದ ಸ್ಟೀಪೆ, ಗೊರಕೆಯ ಕಡೆ ಬೆರಳು ತೋರಿಸಿ. ಕಣ್ಣಲ್ಲಿ ನೀರಾಡುತ್ತಿತ್ತು. "ಮುಚ್ಚಿದ್ರೆ ಅದು ನಿಂತೋಗುತ್ತೆ ದೆಸ್ಪಿನಾ."

"ಹಂಗಾದ್ರೆ ಅವಳಿಗೆ ಹೇಳು. ಮೂರು ಜನ ಕೂತು ಏನಾದ್ರೂ ದಾರಿ ಹುಡುಕೋಣ."

"ಹೇಳಿದ್ರೆ ಅವತ್ತೇ ಬಸ್ಸು ಅಂದಿದಾಳೆ. ಮುಚ್ಚಿದ್ರೆ ಈಸ್ಟರ್‌ಗೆ ಬಸ್ಸು. ಎರಡೂ ಕಡೆ ಬಸ್ಸೇ."

"ನನಗೆ ನಿನ್ನ ಬಸ್ಸು ಬೇಡ, ನನ್ನ ಬ್ರೆಡ್ಡು ಬೇಕು," ಎಂದು ಬಂದುಬಿಟ್ಟೆ. ಬಂದವಳು ಹಸಿ ಮಣ್ಣು ಕಲಸಿ, ಖಾಲಿ ಮೈದಾ ಚೀಲ ತುರುಕಿ, ನನ್ನ ಕಡೆಯಿಂದಲೇ ತೂತನ್ನು ಬಿಗಿಯಾಗಿ ಮುಚ್ಚಿದೆ. ಮರುದಿನ ಹಿಟ್ಟು ಪಾತ್ರೆ ಮೀರಿ ಉಬ್ಬಿತು. ಬ್ರೆಡ್ಡು ಹತ್ತಿಯಂತಿತ್ತು. ರಾಡೆ ಎರಡು ತಿಂದ. ನನ್ನ ಪಾಲನ್ನೂ ಅವನ ಮುಂದೆಯೇ ಇಟ್ಟೆ.

ನೋಲೀನಳ ಮುಳ್ಳು ಕೆಂಪಿಗೆ ಹೋಯಿತು. ಒಂದು ವಾರ ಕಳೆಯುವುದರೊಳಗೆ ಅವಳ ಹಾಡು ನಿಂತಿತು, ತುಟಿ ಮತ್ತೆ ಒಡೆಯಿತು. ಈ ಸಲ ಮೊದಲಿಗಿಂತ ಹೆಚ್ಚು ಸೋತಿದ್ದಳು, ಯಾಕೆಂದರೆ ಈ ಸಲ ಅವಳಿಗೆ ಆಸೆ ಹುಟ್ಟಿತ್ತು. ಈಸ್ಟರ್‌ಗೆ ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ ಚೀಲ ಹಿಡಿದು ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಟಲ್ಲಿಗೆ ಹೋಗಲೂ ಮೊದಲು ಹಿಡಿಯಬೇಕಾದ ಅಡಿಲೇಡಿನ ಬಸ್ಸು ಅಲ್ಲೇ ನಿಲ್ಲುತ್ತದೆ.

"ಅವನ ಮೇಲೆ ಸಿಟ್ಟಿಲ್ಲ ಕಣೆ," ಎಂದಳು ನನಗೆ. "ಪಾಪ, ನನಗೋಸ್ಕರ ಬಂಡೆ ಕೊರೆದ. ನನ್ನ ಮೈಯೇ ಈ ಊರಿಗೆ ಆಗಲ್ಲ ಅಂತ ಕಾಣುತ್ತೆ. ಒಳ್ಳೆ ಮಾತಲ್ಲೇ ಹೊರಟಿದೀನಿ."

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಹೇಳಬೇಕಾದದ್ದು ನಾನಲ್ಲ, ಅವನು ಎಂದು ಹಲ್ಲು ಕಚ್ಚಿ ಅವಳಿಗೆ ದಾರಿಗೆ ಎರಡು ಬ್ರೆಡ್ಡು ಕಟ್ಟಿಕೊಟ್ಟೆ.

ಬಸ್ಸು ತಿರುವಿನಲ್ಲಿ ಧೂಳೆಬ್ಬಿಸುವುದು ಕಂಡಾಗ ಸ್ಟೀಪೆ ಓಡುತ್ತ ಬಂದ. ಕಾಲಲ್ಲಿ ಒಂದೇ ಚಪ್ಪಲಿ, ಕಂಕುಳಲ್ಲಿ ಹೊಳೆಯ ಚಿತ್ರಪಟ. ಚಿತ್ರ ಮರೆತು ಹೋದಳೆಂದು ಕೊಡಲು ಬಂದನೆಂದುಕೊಂಡೆವು. ಅವನು ಅವಳ ಕೈ ಹಿಡಿದು ಎಳೆದುಕೊಂಡು, ನಿಂತವರ ನಡುವೆ ದಾರಿ ಮಾಡಿಕೊಂಡು, ನನ್ನ ಹಿಟ್ಟಿನ ಕೋಣೆಗೆ ನುಗ್ಗಿದ. ನಾನು ಹಿಂದೆ, ರಾಡೆ ನನ್ನ ಹಿಂದೆ. ಸ್ಟೀಪೆ ಮೈದಾ ಚೀಲಗಳ ಮೇಲೆ ಹತ್ತಿ ನಾನು ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದು ಕಿತ್ತ. ತುರುಕಿದ್ದ ಚೀಲ ಹೊರಗೆಳೆದ. ಆಚೆ ಅವರ ಮಂಚ ಕಾಣಿಸಿತು.

"ನಿನಗೆ ನಿದ್ದೆ ಬಂದಿದ್ದು ನನ್ನ ಕೋಣೆಯಿಂದ ಅಲ್ಲ," ಎಂದ. "ಇದರಿಂದ. ಈ ಹಬೆಯಿಂದ. ಈ ತೂತು ನಾನು ಮಾಡಿದ್ದು ನಿನ್ನ ನಿದ್ದೆಗಲ್ಲ, ಕಲ್ಲಿಗೆ. ಗೆರೆ ಕಂಡಿತು, ಹೋದೆ. ಆಣೆ ಮುರಿದೆ. ಹೋಗೋದಾದ್ರೆ ಹೋಗು. ಆದ್ರೆ ನಿನ್ನ ಮೈ ಸರಿ ಇಲ್ಲ ಅಂದ್ಕೊಂಡು ಹೋಗ್ಬೇಡ. ನಿನ್ನ ಮೈ ಸರಿಯಾಗೇ ಇದೆ. ಸರಿ ಇಲ್ದೆ ಇರೋನು ನಾನು."

ಜೇಬಿನಿಂದ ಬೂದು ಚೂರನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ರಾಡೆ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿ, "ಬರೀ ಪಾಚಾ?" ಎಂದು ನಿಟ್ಟುಸಿರು ಬಿಟ್ಟ. ಮೂರು ಮನೆಗಳ ಮಲಗುವ ಕೋಣೆಗಳು ಆ ಗಳಿಗೆಯಲ್ಲಿ ಅನಾಥವಾದವು.

ನೋಲೀನ್ ಅಂಗೈಯನ್ನು ಬೆಳಕಿಗೆ ಹಿಡಿದಳು. ಚೂರನ್ನು ನೋಡಿದಳು. ಚೀಲದ ಮೇಲೆ ಹತ್ತಿ ಮುಖವನ್ನು ಕಿಂಡಿಯ ಹತ್ತಿರ ಒಡ್ಡಿ, ತನ್ನ ಮಂಚವನ್ನು ಬಹಳ ಹೊತ್ತು ನೋಡಿದಳು. ಹೊರಗೆ ಬಸ್ಸಿನವನು ಹಾರ್ನ್ ಹೊಡೆದ.

"ಬಾಯಿ ಮುಚ್ಕೊಂಡು ಇದ್ದಿದ್ರೆ ಒಳ್ಳೆ ಮಾತಲ್ಲಿ ಹೋಗ್ಬಿಡ್ತಿದ್ದೆ," ಎಂದಳು ಕೊನೆಗೆ. "ಈಗ ನಿನ್ನ ಹತ್ರ ಜಗಳ ಆಡ್ಬೇಕು. ಸಣ್ಣ ಜಗಳ ಅಲ್ಲ, ತಿಂಗಳುಗಟ್ಟಲೆ ಆಗುತ್ತೆ. ಅದಕ್ಕೆ ಮೈಯಲ್ಲಿ ಶಕ್ತಿ ಬೇಕು. ಶಕ್ತಿ ಬೇಕು ಅಂದ್ರೆ ಮೊದ್ಲು ನಿದ್ದೆ ಮಾಡ್ಬೇಕು."

ಚೀಲವನ್ನು ಸ್ಟೀಪೆಯ ಕೈಗೆ ಕೊಟ್ಟು, ಮನೆಗೆ ಹೋಗಿ ಮಲಗಿದಳು. ಬಸ್ಸು ಅವಳನ್ನು ಬಿಟ್ಟು ಹೋಯಿತು. ಕಿಂಡಿಯಿಂದ ಗೊರಕೆ ಕೇಳಿಸುವವರೆಗೆ ನಾವು ಮೂವರೂ ಹಿಟ್ಟಿನ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದೆವು. ರಾಡೆ ಟೋಪಿ ಕೂಡ ತೆಗೆದಿದ್ದ.

ಜಗಳ ಅವಳು ಹೇಳಿದ ಹಾಗೇ ತಿಂಗಳುಗಟ್ಟಲೆ ನಡೆಯಿತು, ಮತ್ತು ಚೆನ್ನಾಗಿ ನಡೆಯಿತು. ನಡುವೆ ಒಪ್ಪಂದವೂ ಆಯಿತು. ಕಿಂಡಿಗೆ ಸ್ಟೀಪೆ ಮರದ ಪುಟ್ಟ ಬಾಗಿಲು ಕೂರಿಸಿದ, ಆ ನೀಲಿ ಗೆರೆ ಮತ್ತೆ ಅವನ ಕಣ್ಣಿಗೆ ಬೀಳದಿರಲೆಂದು ಬಾಗಿಲಿನ ಚೌಕಟ್ಟನ್ನು ನೋಲೀನ್ ಅದರ ಮೇಲೇ ಹೊಡೆಸಿದಳು. ಎರಡು ಮನೆಗೆ ಸಾಲುವಷ್ಟು ಆವಿ ಬೇಕೆಂದರೆ ಒಂದು ಪಾತ್ರೆ ಸಾಲದು, ದೊಡ್ಡದೆರಡು ಬೇಕು, ರಾತ್ರಿ ನಡುನಡುವೆ ಎದ್ದು ನೀರು ತುಂಬಿಸುವವರು ಬೇಕು. ನಾನು ಏಳುವುದಿಲ್ಲ ಎಂದೆ. ನೋಲೀನ್ ಗಂಡನ ಮುಖ ನೋಡಿದಳು.

ಹೀಗೆ ನಮ್ಮೂರಿನ ನಿದ್ದೆವೀರನ ನಿದ್ದೆ ಹೋಯಿತು. ರಾತ್ರಿಗೆ ಮೂರು ಸಲ ಏಳುತ್ತಾನೆ. ಕಣ್ಣ ಕೆಳಗೆ ಚೀಲ ಬಂದಿದೆ. ಮೊನ್ನೆ ನಿಂತಲ್ಲೇ ತೂಕಡಿಸಿ ನನ್ನ ಹಿಟ್ಟಿನೊಳಗೆ ಮೊಳಕೈ ಊರಿದ. ರಾಡೆ ಅವನನ್ನು ದಿನಾ ಕೇಳುತ್ತಾನೆ, "ರಾತ್ರಿ ಎಷ್ಟು ದೊಡ್ಡ ಮೀನು ಹಿಡಿದೆಯೋ?" ಸ್ಟೀಪೆ ಎರಡು ಬೆರಳಿನ ನಡುವೆ ಕಡಲೆಕಾಳಿನಷ್ಟು ಜಾಗ ತೋರಿಸುತ್ತಾನೆ.

ಒಂದು ಬೆಳಿಗ್ಗೆ ನನಗೇ ಪಾಪ ಎನ್ನಿಸಿತು. ಅವನು ಖಾಲಿ ಪಾತ್ರೆ ಹಿಡಿದು ಆಕಳಿಸುತ್ತ ಕೂತಿದ್ದ. ಕಿಂಡಿಯ ಆಚೆ ನೋಲೀನ್ ಇನ್ನೂ ಮಲಗಿದ್ದಳು.

"ನಲವತ್ತು ವರ್ಷ ರಾಜನ ಹಂಗೆ ನಿದ್ದೆ ಮಾಡಿದೋನು ನೀನು," ಎಂದೆ. "ಬೇಜಾರಾಗಲ್ವೇನೋ?"

ಸ್ಟೀಪೆ ಗೊರಕೆಗೆ ಒಂದು ಗಳಿಗೆ ಕಿವಿಗೊಟ್ಟ.

"ನಲವತ್ತು ವರ್ಷ ನಿದ್ದೆ ಮಾಡಿದೆ ದೆಸ್ಪಿನಾ," ಎಂದ. "ಎದ್ದಿರೋಣ ಅಂದ್ರೆ ಯಾರಿಗೋಸ್ಕರ? ಯಾರೂ ಇರ್ಲಿಲ್ಲ."

ಆಮೇಲೆ ಎದ್ದು ಪಾತ್ರೆಗೆ ನೀರು ತುಂಬಿಸಲು ಹೋದ. ನಾನು ಕಿಂಡಿಯ ಬಾಗಿಲನ್ನು ಇನ್ನೊಂದು ಬೆರಳಿನಷ್ಟು ತೆರೆದೆ.